ಗತಕಾಲಕ್ಕೆ ಮತ

ಚರಿತ್ರೆಯನ್ನು ವಿಡಿಯೊಗಳ ಮೂಲಕ ಹೇಳುವವರು ಮುಂದಿನ ಸಂಚಿಕೆಯ ವಿಷಯವನ್ನು ತಾವೇ ನಿರ್ಧರಿಸದೆ, ಮೂರು ನಾಲ್ಕು ವಿಷಯಗಳನ್ನು ಪ್ರೇಕ್ಷಕರ ಮುಂದಿಟ್ಟು, ಅವುಗಳಲ್ಲಿ ಹೆಚ್ಚು ಮತ ಪಡೆದುದನ್ನು ಎತ್ತಿಕೊಳ್ಳುವ ಪದ್ಧತಿ ಈಚಿನ ವರ್ಷಗಳಲ್ಲಿ ಬಳಕೆಗೆ ಬಂದಿದೆ. ಮೇಲ್ನೋಟಕ್ಕೆ ಇದು ಕೇಳುಗರನ್ನು ಹಿಡಿದಿಟ್ಟುಕೊಳ್ಳುವ ಒಂದು ಜಾಣ ಉಪಾಯವೆಂದೋ, ಹೆಚ್ಚೆಂದರೆ ಅವರಿಗೆ ಸಲ್ಲಿಸುವ ಸೌಜನ್ಯವೆಂದೋ ತೋರಬಹುದು. ಆದರೆ ಗತಿಸಿದವರಲ್ಲಿ ಯಾರ ಮಾತನ್ನು ಮೊದಲು ಕೇಳಬೇಕು, ಯಾರದನ್ನು ಮುಂದೂಡಬಹುದು, ಯಾರದನ್ನು ಕೇಳದೆಯೇ ಬಿಡಬಹುದು ಎಂಬ ತೀರ್ಪು ಈ ಪದ್ಧತಿಯೊಳಗೆ ಸದ್ದಿಲ್ಲದೆ ನಡೆದುಹೋಗುತ್ತದೆ. ಆ ತೀರ್ಪಿನ ಅಧಿಕಾರ ಕೇಳುಗನ ಇಚ್ಛೆಯಿಂದ ಬರುತ್ತದೆಯೋ, ಹೇಳುವವನ ವಿದ್ವತ್ತಿನಿಂದ ಬರುತ್ತದೆಯೋ, ಅಥವಾ ಇಬ್ಬರೂ ಸತ್ತವರಿಗೆ ತೀರಿಸಬೇಕಾದ ಋಣದಿಂದ ಬರುತ್ತದೆಯೋ ಎಂಬುದು ಧರ್ಮಶಾಸ್ತ್ರಕ್ಕೂ ತತ್ತ್ವಶಾಸ್ತ್ರಕ್ಕೂ ಸೇರಿದ ಪ್ರಶ್ನೆ.

ಈ ಪ್ರಶ್ನೆಯನ್ನು ಒಂದು ಊರಿನ ನೆಲದ ಮೇಲಿಟ್ಟು ನೋಡಿದರೆ ಅದರ ತೊಡಕು ಹೆಚ್ಚು ಸ್ಪಷ್ಟವಾಗುತ್ತದೆ, ಮತ್ತು ಗೋವೆಯ ಫೋಂಡಾ ತಾಲೂಕಿನ ಕುಂಡಯಿ ಅದಕ್ಕೆ ತಕ್ಕ ಊರು. ಪಣಜಿಯಿಂದ ಫೋಂಡಾಕ್ಕೆ ಹೋಗುವ ಹೆದ್ದಾರಿಯ ಮೇಲಿರುವ ಈ ಗ್ರಾಮದಲ್ಲಿ ನವದುರ್ಗೆಯ ದೇವಾಲಯವಿದೆ, ದತ್ತ ಪದ್ಮನಾಭ ಪೀಠದ ತಪೋಭೂಮಿ ಇದೆ, ಉತ್ತರ ಕರ್ನಾಟಕದಿಂದ ಬಂದವರೂ ಸೇರಿದಂತೆ ಹಲವು ನಾಡುಗಳ ಕಾರ್ಮಿಕರು ದುಡಿಯುವ ಕೈಗಾರಿಕಾ ವಸಾಹತೂ ಇದೆ. ಅಂತ್ರುಜ ಮಹಾಲವೆಂದು ಹಳೆಯ ಹೆಸರುಳ್ಳ ಈ ಸೀಮೆ, ಪೋರ್ಚುಗೀಸರ ಆಳ್ವಿಕೆಗೆ ಒಳಪಟ್ಟ ಸಾಸಷ್ಟಿ ಮತ್ತು ತಿಸವಾಡಿಗಳಿಂದ ಹದಿನಾರನೆಯ ಶತಮಾನದಲ್ಲಿ ಹೊರಬಿದ್ದ ದೇವತೆಗಳಿಗೆ ಆಶ್ರಯ ಕೊಟ್ಟ ಸೀಮೆಯಾಗಿದೆ. ಕುಶಸ್ಥಳಿಯ ಮಂಗೇಶನು 1560ರಲ್ಲಿ ಜುವಾರಿ ನದಿಯನ್ನು ದಾಟಿ ಪ್ರಿಯೋಳಕ್ಕೆ ಬಂದನು. ವೆರ್ಣೆಯ ಮ್ಹಾಳಸೆ ಮಾರ್ದೋಳದಲ್ಲಿ, ಕೇಳಶಿಯ ಶಾಂತಾದುರ್ಗೆ ಕವಳೆಯಲ್ಲಿ ನೆಲೆಗೊಂಡರು. 1560ರಲ್ಲಿಯೇ ಗೋವೆಯಲ್ಲಿ ಇನ್‌ಕ್ವಿಸಿಷನ್, ಅಂದರೆ ಕ್ರೈಸ್ತಮತದ ಆಚಾರವನ್ನು ಮೀರಿದವರನ್ನು ವಿಚಾರಿಸಿ ಶಿಕ್ಷಿಸುವ ಧಾರ್ಮಿಕ ನ್ಯಾಯಾಲಯ, ಸ್ಥಾಪನೆಯಾಯಿತು. 1567ರಲ್ಲಿ ಸಾಸಷ್ಟಿಯ ದೇವಾಲಯಗಳು ನೆಲಸಮವಾದವು. ಆ ನ್ಯಾಯಾಲಯ ಕೊನೆಯದಾಗಿ ಮುಚ್ಚಿದ್ದು 1812ರಲ್ಲಿ.

ಕುಂಡಯಿಯ ಸುತ್ತಣ ಗತಕಾಲದ ಬಗ್ಗೆ ವಿಡಿಯೊ ಮಾಡುವವನೊಬ್ಬನು ಪ್ರೇಕ್ಷಕರ ಮುಂದೆ ನಾಲ್ಕು ವಿಷಯಗಳನ್ನಿಟ್ಟನೆಂದು ಊಹಿಸಬಹುದು: ಇನ್‌ಕ್ವಿಸಿಷನ್ ಮತ್ತು ದೇವಾಲಯಗಳ ನಾಶ, ಗೋವೆಯ ಕದಂಬರು, ಆದಿಲಶಾಹಿಯ ಫೋಂಡಾ, ಸೋಂದೆಯ ಅರಸರು. ಮೊದಲನೆಯದೇ ಗೆಲ್ಲುತ್ತದೆಂದು ಹೇಳಲು ಜ್ಯೋತಿಷ್ಯ ಬೇಕಾಗಿಲ್ಲ, ಮತ್ತು ಅದು ಗೆಲ್ಲುವುದರಲ್ಲಿ ಅನ್ಯಾಯವೇನೂ ಇಲ್ಲ, ಏಕೆಂದರೆ ಆ ನೋವು ನಿಜವಾದದ್ದು, ದೇವರನ್ನು ಹೊತ್ತು ನದಿ ದಾಟಿದವರ ವಂಶಗಳು ಇಂದಿಗೂ ಅದೇ ದೇವಾಲಯಗಳ ಮಹಾಜನರಾಗಿ, ಅಂದರೆ ಆಡಳಿತದ ಹಕ್ಕುಳ್ಳವರಾಗಿ, ಉಳಿದಿವೆ. ತೊಡಕಿರುವುದು ವಿಷಯಗಳನ್ನು ಹೀಗೆ ನಾಲ್ಕು ಕೋಣೆಗಳಾಗಿ ಕೊಯ್ದದ್ದರಲ್ಲಿ. ಮಂಗೇಶನು ಬಂದು ನೆಲೆಸಿದ ಆ ನೆಲ ಅಂದು ಬಿಜಾಪುರದ ಒಂದನೆಯ ಅಲಿ ಆದಿಲಶಾಹನದು. ಫೋಂಡಾದ ಸಫಾ ಮಸೀದಿಯನ್ನು ಅವನು ಕಟ್ಟಿಸಿದನೆಂದು ಹೇಳುವ ವರ್ಷವೂ 1560. ಪೋರ್ಚುಗೀಸರಿಂದ ತಪ್ಪಿಸಿಕೊಂಡ ಹಿಂದೂ ದೇವತೆಗಳು ಒಬ್ಬ ಸುಲ್ತಾನನ ಸೀಮೆಯಲ್ಲಿ ಸುರಕ್ಷಿತವಾದ ಈ ಸಂಗತಿ ಮೊದಲ ಕೋಣೆಗೂ ಪೂರ್ತಿ ಸೇರುವುದಿಲ್ಲ, ಮೂರನೆಯದಕ್ಕೂ ಸೇರುವುದಿಲ್ಲ; ಎರಡರ ನಡುವಣ ಗೋಡೆಯಲ್ಲಿ ಅದು ಸಿಕ್ಕಿಕೊಳ್ಳುತ್ತದೆ. ಮತಕ್ಕೆ ಹಾಕುವ ವಿಷಯಗಳು ಒಂದನ್ನೊಂದು ಹೊರಗಿಡುವಂತಿರಬೇಕಾದ್ದರಿಂದ, ಗತಕಾಲದ ಅತ್ಯಂತ ಬೋಧಪ್ರದವಾದ ಗಂಟುಗಳು ಯಾವ ಪಟ್ಟಿಯಲ್ಲಿಯೂ ಕಾಣಿಸಿಕೊಳ್ಳದೆ ಹೋಗುವ ಅಪಾಯ ಈ ಪದ್ಧತಿಯ ರಚನೆಯಲ್ಲಿಯೇ ಇದೆ.

ಕೇಳುಗನು ವಿಷಯವನ್ನು ಆರಿಸುವುದು ಹೊಸ ಸಂಗತಿಯೆಂದು ಭಾವಿಸಿ ಅದನ್ನು ಕಾಲದ ಕೇಡೆಂದು ತಳ್ಳಿಹಾಕುವ ಪಂಡಿತರು ಪುರಾಣಗಳ ಚೌಕಟ್ಟನ್ನು ಮರೆತಿರುತ್ತಾರೆ. ನೈಮಿಷಾರಣ್ಯದಲ್ಲಿ ಸತ್ರಯಾಗಕ್ಕೆ ಕುಳಿತ ಶೌನಕಾದಿ ಮುನಿಗಳು ಸೂತನನ್ನು ಬರಮಾಡಿಕೊಂಡು ತಮಗೆ ಯಾವ ಕಥೆ ಬೇಕೆಂದು ತಾವೇ ಕೇಳುತ್ತಾರೆ. ಸರ್ಪಯಾಗದ ನಡುವೆ ಜನಮೇಜಯನು ತನ್ನ ಹಿರಿಯರ ಜಗಳದ ಮೂಲವನ್ನು ತಿಳಿಯಬೇಕೆಂದು ಬಯಸಿದ್ದರಿಂದಲೇ ವೈಶಂಪಾಯನನ ಬಾಯಿಂದ ಭಾರತ ಹೊರಡುತ್ತದೆ. ಕರಾವಳಿಯ ಯಕ್ಷಗಾನದಲ್ಲಿ ಹರಕೆಯ ಆಟವಾಡಿಸುವ ಮನೆಯವರು ಪ್ರಸಂಗವನ್ನು ಸೂಚಿಸುತ್ತಾರೆ, ಮತ್ತು ಕಟೀಲಿನ ಮೇಳಗಳಲ್ಲಿ ಅದು ಬಹುಮಟ್ಟಿಗೆ ದೇವಿ ಮಹಾತ್ಮೆಯೇ ಆಗಿರುತ್ತದೆ. ಕೇಳುಗನ ಇಚ್ಛೆಗೆ ಮಣಿದುದರಿಂದ ಈ ಕಲೆಗಳು ಕೆಟ್ಟಿವೆಯೆಂದು ಯಾರೂ ಹೇಳುವುದಿಲ್ಲ. ನೂರು ಸಲ ಕೇಳಿದ ಮಹಿಷಾಸುರ ವಧೆಯನ್ನು ನೂರೊಂದನೆಯ ಸಲ ಕೇಳುವುದರಲ್ಲಿಯೇ ಅಲ್ಲಿ ಪುಣ್ಯವಿದೆ, ಏಕೆಂದರೆ ಅದರ ಫಲ ಶ್ರವಣದಿಂದ ಬರುವಂಥದು, ಹೊಸ ತಿಳಿವಿನಿಂದ ಬರುವಂಥದಲ್ಲ.

ಚರಿತ್ರೆ ಬೇರೆಯಾಗುವುದು ಇಲ್ಲಿಯೇ. ಅದು ಶ್ರವಣವಾಗಿ ಉಳಿಯದೆ ಜಿಜ್ಞಾಸೆ, ಅಂದರೆ ಇನ್ನೂ ತಿಳಿಯದಿರುವುದನ್ನು ತಿಳಿಯಬೇಕೆಂಬ ಹಂಬಲ, ಆಗಬೇಕೆಂದು ಹೊರಟಾಗ, ಕೇಳುಗನ ಆಯ್ಕೆಯ ಎದುರಿಗೆ ಒಂದು ಪ್ರಾಚೀನ ಒಗಟು ನಿಲ್ಲುತ್ತದೆ. ಗ್ರೀಸಿನ ಪ್ಲೇಟೊ ಮೆನೊ ಎಂಬ ಸಂವಾದದಲ್ಲಿ ಅದನ್ನು ಎತ್ತಿದ್ದಾನೆ: ತಿಳಿದಿರುವುದನ್ನು ಹುಡುಕುವ ಅಗತ್ಯವಿಲ್ಲ, ತಿಳಿಯದಿರುವುದನ್ನು ಹುಡುಕುವುದು ಸಾಧ್ಯವಿಲ್ಲ, ಹಾಗಾದರೆ ಹುಡುಕಾಟವೆಂಬುದು ಹೇಗೆ ಆರಂಭವಾಗುತ್ತದೆ? ಶಂಕರಾಚಾರ್ಯರು ಬ್ರಹ್ಮಸೂತ್ರ ಭಾಷ್ಯದ ಮೊದಲ ಅಧಿಕರಣದಲ್ಲಿ ಬ್ರಹ್ಮದ ವಿಷಯವಾಗಿ ಇದೇ ಆಕ್ಷೇಪವನ್ನು ತಾವೇ ಎತ್ತಿ, ಎಲ್ಲರ ಆತ್ಮವಾಗಿರುವುದರಿಂದ ಬ್ರಹ್ಮವು ಸಾಮಾನ್ಯವಾಗಿ ತಿಳಿದೇ ಇದೆ, ಆದರೆ ಅದರ ವಿಶೇಷ ಸ್ವರೂಪದ ಬಗ್ಗೆ ವಾದಿಗಳಲ್ಲಿ ಭಿನ್ನಾಭಿಪ್ರಾಯಗಳಿವೆ, ಆದ್ದರಿಂದಲೇ ವಿಚಾರ ಮಾಡಬೇಕು ಎಂದು ಸಮಾಧಾನ ಹೇಳುತ್ತಾರೆ. ಈ ಸಮಾಧಾನವನ್ನು ಚರಿತ್ರೆಗೆ ಅನ್ವಯಿಸಿದರೆ ಮತದಾನದ ನ್ಯಾಯವೂ ಅದರ ಮಿತಿಯೂ ಒಟ್ಟಿಗೆ ಕಾಣುತ್ತವೆ. ಇನ್‌ಕ್ವಿಸಿಷನ್ ನಡೆಯಿತೆಂಬುದು ಫೋಂಡಾದ ಜನರಿಗೆ ಸಾಮಾನ್ಯವಾಗಿ ತಿಳಿದಿದೆ, ಅದರ ವಿವರಗಳಲ್ಲಿ ಸಂಶಯಗಳಿವೆ. ಆದ್ದರಿಂದ ಅವರು ಅದಕ್ಕೆ ಮತ ಹಾಕಿದಾಗ ಅಲ್ಲಿ ನಿಜವಾದ ಜಿಜ್ಞಾಸೆ ಇರಬಲ್ಲದು. ಆದರೆ ಹೆಸರನ್ನೇ ಕೇಳದ ಸಂಗತಿಗೆ ಮತ ಹಾಕಲು ಯಾರಿಂದಲೂ ಆಗದು. ಸಾಮಾನ್ಯ ಜ್ಞಾನವೂ ಇಲ್ಲದಿರುವ ವಿಷಯವು ಸೋಲುವುದಿಲ್ಲ, ಸ್ಪರ್ಧಿಸುವುದೇ ಇಲ್ಲ.

ನ್ಯಾಯದರ್ಶನವು ಪ್ರಮಾಣ, ಪ್ರಮೇಯಗಳ ಬಳಿಕ ಸಂಶಯವನ್ನೂ ಪ್ರಯೋಜನವನ್ನೂ ತನ್ನ ಹದಿನಾರು ಪದಾರ್ಥಗಳಲ್ಲಿ ಎಣಿಸುವುದರ ಔಚಿತ್ಯ ಇಲ್ಲಿ ಅರ್ಥವಾಗುತ್ತದೆ. ವಿಚಾರಕ್ಕೆ ಇಷ್ಟವೊಂದೇ ಹೊಸ್ತಿಲಾಗದು. ಎರಡು ವಿರುದ್ಧ ಪಕ್ಷಗಳ ನಡುವೆ ಬುದ್ಧಿ ತೂಗಾಡಬೇಕು, ಮತ್ತು ಆ ತೂಗಾಟವನ್ನು ನಿಲ್ಲಿಸುವುದರಿಂದ ಏನಾದರೊಂದು ಫಲವಿರಬೇಕು. ವೇದಾಂತದ ಗ್ರಂಥಗಳು ಆರಂಭದಲ್ಲಿಯೇ ಹೇಳುವ ಅನುಬಂಧ ಚತುಷ್ಟಯವೂ, ಅಂದರೆ ವಿಷಯ, ಪ್ರಯೋಜನ, ಅವುಗಳ ಸಂಬಂಧ, ಮತ್ತು ಓದಲು ಯೋಗ್ಯನಾದ ಅಧಿಕಾರಿ ಎಂಬ ನಾಲ್ಕು ಅಂಗಗಳೂ, ಇದೇ ಎಚ್ಚರವನ್ನು ಕಾಯುತ್ತವೆ. ಅಧಿಕಾರಿಯು ವಿಷಯಕ್ಕೆ ತಕ್ಕಂತೆ ತನ್ನನ್ನು ಸಿದ್ಧಪಡಿಸಿಕೊಳ್ಳಬೇಕೆಂಬುದು ಅಲ್ಲಿನ ಕ್ರಮ. ಪ್ರೇಕ್ಷಕರ ಮತದಲ್ಲಿ ಆ ಕ್ರಮ ತಿರುಗಿ, ಇದ್ದಂತೆ ಇರುವ ಅಧಿಕಾರಿಗೆ ತಕ್ಕಂತೆ ವಿಷಯವೇ ಸಿದ್ಧಗೊಳ್ಳುತ್ತದೆ. ಶಾಸ್ತ್ರದ ಕ್ರಮವೇ ಸದಾ ನ್ಯಾಯವೆಂದು ಇದರಿಂದ ಹೇಳಲಾಗದು, ಅಧಿಕಾರವೆಂಬ ಹೆಸರಿನಲ್ಲಿ ಶತಮಾನಗಳ ಕಾಲ ಎಷ್ಟು ಜನರನ್ನು ಬಾಗಿಲಾಚೆ ನಿಲ್ಲಿಸಲಾಯಿತೆಂಬುದು ಗೊತ್ತೇ ಇದೆ. ಆದರೂ ಕೇಳುವವನನ್ನು ಬದಲಿಸದೆ ಬಿಡುವ ತಿಳಿವು ತಿಳಿವೇ ಎಂಬ ಸಂಶಯವನ್ನು ಆ ಹಳೆಯ ಕ್ರಮ ಉಳಿಸಿಕೊಡುತ್ತದೆ.

ಪ್ರೇಕ್ಷಕರ ಮತಕ್ಕೆ ಗೋವೆಯ ನೆಲದಲ್ಲಿಯೇ ಇರುವ ಹತ್ತಿರದ ಬಂಧು ಯಾವುದೆಂದರೆ ಕೌಲು, ಅಂದರೆ ದೇವರ ಬಳಿ ಪ್ರಸಾದ ಕೇಳುವ ಪದ್ಧತಿ. ಫೋಂಡಾ ತಾಲೂಕಿನ ಅನೇಕ ದೇವಾಲಯಗಳಲ್ಲಿ, ವಿಶೇಷವಾಗಿ ಕುಂಡಯಿಗೆ ನೆರೆಯದಾದ ಮಡಕಯಿಯ ನವದುರ್ಗೆಯ ಸನ್ನಿಧಿಯಲ್ಲಿ, ಹೂವಿನ ಎಸಳುಗಳನ್ನು ಮೂರ್ತಿಗೆ ಅಂಟಿಸಿ, ಭಕ್ತನ ಪ್ರಶ್ನೆಯನ್ನು ಅರ್ಚಕರು ದೇವರ ಮುಂದೆ ನಿವೇದಿಸುತ್ತಾರೆ. ಬಲಗಡೆಯ ಎಸಳು ಬಿದ್ದರೆ ಒಪ್ಪಿಗೆ, ಎಡಗಡೆಯದು ಬಿದ್ದರೆ ನಿರಾಕರಣೆ. ಮದುವೆ, ಮನೆ ಕಟ್ಟುವುದು, ವ್ಯವಹಾರ, ಪರವೂರಿಗೆ ಹೋಗುವುದು ಮೊದಲಾದವು ಅಲ್ಲಿನ ಪ್ರಶ್ನೆಗಳು. ಇಲ್ಲಿ ಮೂರು ಸ್ಥಾನಗಳು ಬೇರೆ ಬೇರೆಯಾಗಿವೆ: ಪ್ರಶ್ನೆ ಭಕ್ತನದು, ಉತ್ತರ ದೇವಿಯದು, ಉತ್ತರಕ್ಕೆ ಬದ್ಧನಾಗಿ ಅದರ ಫಲವನ್ನು ಉಣ್ಣುವವನು ಮತ್ತೆ ಭಕ್ತನೇ. ಪ್ರೇಕ್ಷಕರ ಮತದಲ್ಲಿ ಈ ಸ್ಥಾನಗಳು ಕಲಸಿಹೋಗುತ್ತವೆ. ವಿಡಿಯೊ ಮಾಡುವವನು ಪ್ರಶ್ನೆಯನ್ನು ರೂಪಿಸುತ್ತಾನೆ, ಪ್ರೇಕ್ಷಕ ಸಮೂಹ ಎಸಳು ಬೀಳಿಸುವ ದೇವರ ಪೀಠದಲ್ಲಿ ಕುಳಿತುಕೊಳ್ಳುತ್ತದೆ, ಫಲವನ್ನು ಉಣ್ಣುವವರು ಮಾತ್ರ ಆ ಇಬ್ಬರಲ್ಲಿ ಯಾರೂ ಅಲ್ಲ. ಡಾ. ರಾಜ್‌ಕುಮಾರ್ ತಮ್ಮ ಅಭಿಮಾನಿಗಳನ್ನು ದೇವರುಗಳೆಂದು ಕರೆದಾಗ ಅದರಲ್ಲಿ ಕಲಾವಿದನ ವಿನಯವಿತ್ತು; ಚರಿತ್ರೆಯನ್ನು ಹೇಳುವವನು ಅದೇ ಮಾತನ್ನು ಆಡಿದರೆ ಆತನ ಹೊಣೆಯ ಒಂದು ಪಾಲು ಕಳಚಿಕೊಳ್ಳುತ್ತದೆ, ಏಕೆಂದರೆ ನಟನು ಅಭಿಮಾನಿಗೆ ಮಾತ್ರ ಋಣಿ, ಚರಿತ್ರಕಾರನಿಗೆ ಬೇರೆಯ ಋಣದಾತರೂ ಇದ್ದಾರೆ.

ಮತ ಹಾಕುವವನೇ ಫಲವನ್ನು ಉಣ್ಣುವ ಸನ್ನಿವೇಶಕ್ಕೂ ಗೋವೆಯಲ್ಲಿ ದೊಡ್ಡ ನಿದರ್ಶನವಿದೆ. 1967ರ ಜನವರಿ 16ರಂದು ನಡೆದ ಜನಮತ ಗಣನೆಯಲ್ಲಿ ಗೋವೆ ಮಹಾರಾಷ್ಟ್ರದೊಂದಿಗೆ ವಿಲೀನವಾಗಬೇಕೋ, ಕೇಂದ್ರಾಡಳಿತ ಪ್ರದೇಶವಾಗಿಯೇ ಉಳಿಯಬೇಕೋ ಎಂದು ಜನರನ್ನು ಕೇಳಲಾಯಿತು. ವಿಲೀನದ ಚಿಹ್ನೆ ಹೂವಾಗಿತ್ತು, ಪ್ರತ್ಯೇಕವಾಗಿ ಉಳಿಯುವುದರ ಚಿಹ್ನೆ ಎರಡು ಎಲೆ. 1,72,191 ಮತಗಳು ಎಲೆಗೂ 1,38,170 ಮತಗಳು ಹೂವಿಗೂ ಬಿದ್ದು, 34,021 ಮತಗಳ ಅಂತರದಲ್ಲಿ ಗೋವೆ ತನ್ನ ದಾರಿಯನ್ನು ಆರಿಸಿಕೊಂಡಿತು. ಸೋತವರೂ ಗೆದ್ದವರೂ ಅದೇ ನೆಲದಲ್ಲಿ ಅದೇ ಫಲವನ್ನು ಹಂಚಿಕೊಂಡು ಬದುಕಿದರು. ಕರ್ಮಸಿದ್ಧಾಂತವು ಕರ್ತೃ ಮತ್ತು ಭೋಕ್ತೃಗಳನ್ನು, ಮಾಡುವವನನ್ನೂ ಅನುಭವಿಸುವವನನ್ನೂ, ಒಂದೇ ಎಂದು ಹಿಡಿಯುತ್ತದೆ. ಭವಿಷ್ಯದ ಕುರಿತ ಮತದಾನ ಆ ಹಿಡಿತದೊಳಗೆ ಇರುತ್ತದೆ. ಗತಕಾಲದ ಕುರಿತ ಮತದಾನದಲ್ಲಿ ಮತ ಹಾಕಿದವನಿಗೆ ತಗಲುವುದು ಒಂದು ಸಂಜೆಯ ಬೇಸರವೋ ಸಂತೋಷವೋ ಅಷ್ಟೇ.

ಹಾಗೆ ತಗಲುವಿಕೆಯಿಲ್ಲದ ಮತ ಎತ್ತ ಹರಿಯುತ್ತದೆಂಬುದಕ್ಕೆ ಗೋವೆಯನ್ನು ಆಳಿದ ದೇಶವೇ ಎರಡು ಪಾಠಗಳನ್ನು ಕೊಟ್ಟಿದೆ. ಪೋರ್ಚುಗಲ್‌ನ ಸರ್ಕಾರಿ ದೂರದರ್ಶನ ವಾಹಿನಿ ಅತ್ಯಂತ ಶ್ರೇಷ್ಠ ಪೋರ್ಚುಗೀಸ್ ವ್ಯಕ್ತಿ ಯಾರೆಂದು ಪ್ರೇಕ್ಷಕರ ಮತ ಕೇಳಿದಾಗ, 2007ರ ಮಾರ್ಚ್‌ನಲ್ಲಿ ಹೊರಬಿದ್ದ ಫಲಿತಾಂಶದಲ್ಲಿ ಶೇಕಡಾ 41ರಷ್ಟು ಮತಗಳೊಂದಿಗೆ ಗೆದ್ದವನು ಆಂಟೋನಿಯೊ ಸಲಾಜಾರ್. ದಶಕಗಳ ಕಾಲ ಸರ್ವಾಧಿಕಾರ ನಡೆಸಿದ, 1955ರ ಆಗಸ್ಟ್ 15ರಂದು ಗೋವೆಯ ಗಡಿ ದಾಟಿದ ನಿರಾಯುಧ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿಸಿದ ಆಡಳಿತದ ಯಜಮಾನನಾಗಿದ್ದ ಅದೇ ಸಲಾಜಾರ್. ಎರಡನೆಯ ಸ್ಥಾನ ಅವನನ್ನು ಜೀವಮಾನವೆಲ್ಲ ವಿರೋಧಿಸಿದ ಕಮ್ಯುನಿಸ್ಟ್ ನಾಯಕ ಆಲ್ವಾರೊ ಕುನ್ಯಾಲ್‌ಗೆ ಸಿಕ್ಕಿತು. ವಾಸ್ಕೊ ಡ ಗಾಮ ಹತ್ತರೊಳಗೆ ಹೇಗೋ ಉಳಿದುಕೊಂಡನು. ಈ ಮತಗಳಲ್ಲಿ ಎಷ್ಟು ಶ್ರದ್ಧೆಯಿತ್ತು, ಎಷ್ಟು ಅಂದಿನ ಸರ್ಕಾರದ ಮೇಲಿನ ಸಿಟ್ಟಿತ್ತು, ಎಷ್ಟು ಕೀಟಲೆಯಿತ್ತು ಎಂಬುದನ್ನು ಬಿಡಿಸಿ ಹೇಳುವ ಬಗೆಯಿಲ್ಲ, ಮತ್ತು ಬಿಡಿಸಲಾಗದಿರುವುದೇ ಇಂತಹ ಮತದ ಸ್ವಭಾವ.

ಎರಡನೆಯ ಪಾಠ ಕುಂಡಯಿಗೆ ಇನ್ನೂ ಹತ್ತಿರದ್ದು. 2009ರಲ್ಲಿ ಪ್ರಪಂಚದಾದ್ಯಂತ ಇರುವ ಪೋರ್ಚುಗೀಸ್ ಮೂಲದ ಏಳು ಅದ್ಭುತಗಳನ್ನು ಸಾರ್ವಜನಿಕ ಮತದಿಂದ ಆರಿಸುವ ಸ್ಪರ್ಧೆ ನಡೆದು, ಜೂನ್ 10ರಂದು ಪ್ರಕಟವಾದ ಪಟ್ಟಿಯಲ್ಲಿ ಹಳೆಯ ಗೋವೆಯ ಬೋಮ್ ಜೀಸಸ್ ಬಸಿಲಿಕವೂ ದೀವ್ ಕೋಟೆಯೂ ಸೇರಿದವು. ಅಂತಿಮ ಸುತ್ತಿನ ಪಟ್ಟಿಯಲ್ಲಿದ್ದ ಆಫ್ರಿಕದ ಕೆಲವು ಕಟ್ಟಡಗಳು ಗುಲಾಮರ ವ್ಯಾಪಾರದ ನೆಲೆಗಳಾಗಿದ್ದವೆಂಬುದನ್ನು ಸಂಘಟಕರ ವಿವರಣೆಗಳು ಹೇಳದೆ ಬಿಟ್ಟವೆಂದು ಹಲವು ದೇಶಗಳ ವಿದ್ವಾಂಸರು ಬಹಿರಂಗ ಮನವಿಯೊಂದರಲ್ಲಿ ಆಕ್ಷೇಪಿಸಿದರು. ಇಲ್ಲಿ ಗಮನಿಸಬೇಕಾದುದು ಮತ ಹಾಕಿದವರ ತಪ್ಪನ್ನಲ್ಲ, ಅವರ ಮುಂದೆ ಬಂದ ಪ್ರಶ್ನೆಯ ರೂಪವನ್ನು. ಅದ್ಭುತ ಯಾವುದೆಂದು ಕೇಳಿದ ಕ್ಷಣದಲ್ಲಿಯೇ ಗುಲಾಮನ ಸಂಕೋಲೆ ಉತ್ತರದಿಂದ ಹೊರಗುಳಿದಿತ್ತು. ಕರ್ನಾಟಕದಲ್ಲಿಯೂ ಇದೇ ಮಾದರಿಯಲ್ಲಿ ಒಂದು ಕನ್ನಡ ಪತ್ರಿಕೆ ಮತ್ತು ವಾಹಿನಿ ಜನರ ಮತದಿಂದ ಏಳು ಅದ್ಭುತಗಳನ್ನು ಆರಿಸಿ 2023ರಲ್ಲಿ ಪ್ರಕಟಿಸಿದವು. ಹಂಪಿ, ಗೋಳಗುಮ್ಮಟ, ಶ್ರವಣಬೆಳಗೊಳ, ಮೈಸೂರು ಅರಮನೆಗಳ ಜೊತೆಗೆ ಹಿರೇಬೆಣಕಲ್ಲಿನ ಬೃಹತ್ ಶಿಲಾಯುಗೀನ ಗೋರಿಗಳೂ ಅದರಲ್ಲಿ ಸ್ಥಾನ ಪಡೆದವು. ಹೆಸರಿಲ್ಲದ, ಭಾಷೆ ಗೊತ್ತಿಲ್ಲದ, ಯಾವ ಜಾತಿಗೂ ಪಕ್ಷಕ್ಕೂ ಪೂರ್ವಜರಾಗಿ ಒದಗದ ಸತ್ತವರ ಮನೆಗಳು ಅರಮನೆಯೊಂದರ ಪಕ್ಕದಲ್ಲಿ ನಿಂತದ್ದು ಸಂತೋಷದ ಸಂಗತಿ. ಮತದಾನ ಯಾವಾಗಲೂ ಪರಿಚಿತವಾದುದರ ಕಡೆಗೇ ವಾಲುತ್ತದೆಂಬ ಮೇಲಿನ ವಾದಕ್ಕೆ ಇದು ಒಂದು ಅಪವಾದವೆಂದೂ ಒಪ್ಪಬೇಕು, ಆದರೆ ಆ ಗೋರಿಗಳ ಹೆಸರನ್ನು ಪಟ್ಟಿಯವರೆಗೆ ತಂದವರು ಮತದಾರರಲ್ಲವೆಂಬುದನ್ನೂ ಮರೆಯಬಾರದು.

2012ರಲ್ಲಿ ಗಾಂಧಿಯವರ ನಂತರದ ಶ್ರೇಷ್ಠ ಭಾರತೀಯ ಯಾರೆಂದು ಕೇಳಿದ ದೂರದರ್ಶನ ಸ್ಪರ್ಧೆ ಜನರ ಮತ, ತಜ್ಞರ ಮಂಡಳಿ, ಮಾರುಕಟ್ಟೆ ಸಮೀಕ್ಷೆ ಎಂಬ ಮೂರು ಅಳತೆಗಳನ್ನು ಕೂಡಿಸಿ ಅಂಬೇಡ್ಕರರನ್ನು ಆರಿಸಿತು. ಬಹುಕಾಲ ಪಠ್ಯಪುಸ್ತಕಗಳ ಅಂಚಿನಲ್ಲಿ ಇಟ್ಟಿದ್ದ ವ್ಯಕ್ತಿಯೊಬ್ಬರನ್ನು ಜನರ ಮತ ನಡುವಿಗೆ ತಂದದ್ದನ್ನು ನೋಡಿದವರು, ಚರಿತ್ರೆಯ ವಿಷಯವನ್ನು ಆರಿಸುವ ಅಧಿಕಾರ ವಿದ್ವಾಂಸರ ಕೈಯಲ್ಲಿಯೇ ಇರಬೇಕೆಂದು ನಿಶ್ಚಿಂತೆಯಿಂದ ಹೇಳಲಾರರು. ವಿದ್ವಾಂಸರ ಆಯ್ಕೆಯ ಹಿಂದೆ ಪತ್ರಾಗಾರವಿರುತ್ತದೆ, ಪತ್ರಾಗಾರದ ಹಿಂದೆ ದೊರೆತನವಿರುತ್ತದೆ. ಗೋವೆಯ ಪತ್ರಾಗಾರ 1595ರಲ್ಲಿ ದಿಯೊಗೊ ದೊ ಕೌಟೊ ಎಂಬ ಚರಿತ್ರಕಾರನ ಉಸ್ತುವಾರಿಯಲ್ಲಿ ಆರಂಭವಾದದ್ದು ಪೋರ್ಚುಗೀಸ್ ರಾಜ್ಯದ ವೈಭವವನ್ನು ಬರೆಯಲೆಂದು. ಯಾವ ಕಾಗದ ಉಳಿಯಬೇಕೆಂಬ ಮೊದಲ ಮತವನ್ನು ಆಗಲೇ ಹಾಕಿ ಆಗಿತ್ತು. ಗೋವೆಯಲ್ಲಿ ಹುಟ್ಟಿದ ದಾಮೋದರ ಧರ್ಮಾನಂದ ಕೋಸಂಬಿ 1962ರಲ್ಲಿ ಪ್ರಕಟವಾದ ತಮ್ಮ ಪ್ರಬಂಧ ಸಂಕಲನದಲ್ಲಿ ವೈಸರಾಯರನ್ನು ಬಿಟ್ಟು ಗೋವೆಯ ಗ್ರಾಮಸಮುದಾಯಗಳನ್ನು ಎತ್ತಿಕೊಂಡದ್ದು ಆ ಕಾರಣಕ್ಕೆ ಒಂದು ಪ್ರತಿಭಟನೆಯ ಆಯ್ಕೆಯೇ ಆಗಿತ್ತು.

ಆ ಗ್ರಾಮಸಮುದಾಯದ, ಅಂದರೆ ಊರಿನ ಮೂಲ ಕುಲಗಳು ಜಮೀನನ್ನೂ ದೇವಾಲಯವನ್ನೂ ಕೂಡಿ ನಡೆಸುವ ಗಾಂವಕಾರಿಯ, ನಿರ್ಣಯ ಪದ್ಧತಿ ಇಲ್ಲಿ ನೆರವಿಗೆ ಬರುತ್ತದೆ. ತಿಸವಾಡಿಯ ಊರುಗಳಲ್ಲಿ ರೂಢಿಯಲ್ಲಿದ್ದ ಇದರ ಕಟ್ಟಳೆಗಳನ್ನು 1526ರಲ್ಲಿ ಪೋರ್ಚುಗೀಸ್ ಅಧಿಕಾರಿ ಅಫೊನ್ಸೊ ಮೆಶಿಯ ಬರವಣಿಗೆಗೆ ಇಳಿಸಿದನು. ಕುಂಡಯಿ ಆಗ ಪೋರ್ಚುಗೀಸರದಾಗಿರಲಿಲ್ಲವಾದರೂ ಗಾಂವಕಾರಿ ಅಂತ್ರುಜದಲ್ಲಿಯೂ ಇತ್ತು. ಅಲ್ಲಿ ವಾಂಗಡ ಎಂದು ಕರೆಯುವ ಕುಲಗಳ ಲೆಕ್ಕದಲ್ಲಿ ಮಾತು ನಡೆಯುತ್ತಿತ್ತು, ಒಮ್ಮತವೇ ನಿಯಮವಾಗಿತ್ತು, ಒಬ್ಬನ ವಿರೋಧವೂ ನಿರ್ಣಯವನ್ನು ತಡೆಯಬಹುದಿತ್ತೆಂದು ಆ ಪದ್ಧತಿಯನ್ನು ವಿವರಿಸಿದವರು ಹೇಳುತ್ತಾರೆ. ಹೆಂಗಸರಿಗೂ ಗಾಂವಕಾರರಲ್ಲದವರಿಗೂ ಅದರಲ್ಲಿ ಬಾಯಿಯಿರಲಿಲ್ಲವಾದ್ದರಿಂದ ಅದನ್ನು ಆದರ್ಶವೆಂದು ಎತ್ತಿಹಿಡಿಯುವ ಅಗತ್ಯವಿಲ್ಲ. ಅದರಲ್ಲಿ ಉಳಿಸಿಕೊಳ್ಳಬೇಕಾದ ಅಂಶವೆಂದರೆ, ಸಂಖ್ಯೆ ಹೆಚ್ಚಿರುವುದು ಮತ್ತು ನ್ಯಾಯವಾಗಿರುವುದು ಎರಡು ಬೇರೆ ಎಂದು ಅದಕ್ಕೆ ಗೊತ್ತಿತ್ತೆಂಬುದು.

ಬೌದ್ಧ ವಿನಯ, ಅಂದರೆ ಭಿಕ್ಷುಗಳ ಬಾಳನ್ನು ಕಟ್ಟುವ ನಿಯಮಗಳ ಸಂಹಿತೆ, ಈ ಭೇದವನ್ನು ಇನ್ನೂ ನಿಷ್ಠುರವಾಗಿ ಗುರುತಿಸುತ್ತದೆ. ಸಂಘದಲ್ಲಿ ವಿವಾದ ಬಗೆಹರಿಯದಿದ್ದಾಗ ಶಲಾಕೆಗಳನ್ನು, ಅಂದರೆ ಸಣ್ಣ ಕಡ್ಡಿಗಳನ್ನು, ಹಂಚಿ ಬಹುಮತವನ್ನು ತಿಳಿಯುವ ಕ್ರಮ ಚುಲ್ಲವಗ್ಗದಲ್ಲಿದೆ. ಗುಟ್ಟಾಗಿ, ಕಿವಿಯಲ್ಲಿ ಪಿಸುಗುಟ್ಟಿ, ಬಹಿರಂಗವಾಗಿ ಎಂದು ಅದಕ್ಕೆ ಮೂರು ವಿಧಾನಗಳಿವೆ. ಕಡ್ಡಿಗಳನ್ನು ಕೂಡಿಸುವ ಭಿಕ್ಷು ರಾಗ, ದ್ವೇಷ, ಮೋಹ, ಭಯಗಳಿಂದ ಪಕ್ಷಪಾತಿಯಾಗದವನಾಗಿರಬೇಕು. ಅದಕ್ಕಿಂತ ಮುಖ್ಯವಾಗಿ, ವಿಷಯ ಕ್ಷುಲ್ಲಕವಾಗಿದ್ದರೆ, ಅಥವಾ ಅಧರ್ಮವಾದಿಗಳೇ ಹೆಚ್ಚು ಸಂಖ್ಯೆಯಲ್ಲಿದ್ದಾರೆಂದು ತಿಳಿದಿದ್ದರೆ, ಆ ಮತದಾನವೇ ಅಕ್ರಮವೆಂದು ಎಣಿಸಲಾಗಿದೆ. ಇಂದಿನ ಪ್ರಜಾಪ್ರಭುತ್ವದ ಕಿವಿಗೆ ಈ ಕೊನೆಯ ನಿಯಮ ಅಪಾಯಕಾರಿಯಾಗಿ ಕೇಳಿಸುತ್ತದೆ, ಏಕೆಂದರೆ ಧರ್ಮವಾದಿಗಳು ಯಾರೆಂದು ಮತಕ್ಕೆ ಮೊದಲೇ ತಿಳಿದಿರುವವನಿಗೆ ಮತವೇ ಬೇಕಾಗಿಲ್ಲ. ರಾಜ್ಯಾಡಳಿತಕ್ಕೆ ಅದನ್ನು ತರುವುದು ಖಂಡಿತ ಸಲ್ಲದು. ಆದರೆ ಸತ್ಯಾಸತ್ಯದ ವಿಷಯದಲ್ಲಿ ಆ ನಿಯಮದ ತಿರುಳು ಸರಿಯಾಗಿದೆ: ಕ್ರಮವನ್ನು ಕಡ್ಡಿಗಳು ನಿರ್ಧರಿಸಬಹುದು, ಸತ್ಯವನ್ನು ನಿರ್ಧರಿಸಲಾರವು. ಯಾವ ಸಂಚಿಕೆ ಮೊದಲು ಬರಬೇಕೆಂದು ಪ್ರೇಕ್ಷಕರು ಹೇಳಲಿ. ಯಾವುದು ಎಂದಿಗೂ ಬರಬೇಕಾಗಿಲ್ಲವೆಂದು ಹೇಳುವ ಶಕ್ತಿ ಅವರ ಸಂಖ್ಯೆಗೆ ಇಲ್ಲ. ದುರದೃಷ್ಟವಶಾತ್ ಈ ಎರಡೂ ಮಾತುಗಳು ಮತದಾನದಲ್ಲಿ ಒಂದೇ ಒತ್ತುವಿಕೆಯಿಂದ ಆಗಿಬಿಡುತ್ತವೆ, ಏಕೆಂದರೆ ಮತ್ತೆ ಮತ್ತೆ ಸೋತ ವಿಷಯವನ್ನು ಪಟ್ಟಿಗೆ ಹಾಕುವ ತಾಳ್ಮೆ ಯಾರಿಗೂ ಉಳಿಯುವುದಿಲ್ಲ.

ಚರಿತ್ರಕಾರನ ಬೇರೆಯ ಋಣದಾತರೆಂದು ಮೇಲೆ ಹೇಳಿದ್ದು ಸತ್ತವರನ್ನು. ವೈದಿಕ ಪರಂಪರೆ ಮನುಷ್ಯನು ಹುಟ್ಟುವಾಗಲೇ ದೇವ, ಋಷಿ, ಪಿತೃಗಳೆಂಬ ಮೂರು ಋಣಗಳನ್ನು ಹೊತ್ತಿರುತ್ತಾನೆಂದು ಹೇಳುತ್ತದೆ. ಋಷಿಋಣ ಅಧ್ಯಯನದಿಂದ, ಪಿತೃಋಣ ಸಂತಾನದಿಂದ ತೀರುತ್ತದೆ. ಗತಕಾಲವನ್ನು ಅಧ್ಯಯನ ಮಾಡಿ ಮುಂದಿನವರಿಗೆ ಹೇಳುವ ಕೆಲಸದಲ್ಲಿ ಈ ಎರಡೂ ಋಣಗಳು ಹೆಣೆದುಕೊಂಡಿವೆ. ಋಣದ ಲಕ್ಷಣವೆಂದರೆ ಅದು ಸಾಲಗಾರನ ರುಚಿಯನ್ನು ಕೇಳುವುದಿಲ್ಲ, ಯಾರಿಗೆ ಎಷ್ಟು ತೀರಿಸಬೇಕೆಂದು ಮನೆಮಂದಿಯೆಲ್ಲ ಕೈಯೆತ್ತಿ ತೀರ್ಮಾನಿಸಲು ಬರುವುದಿಲ್ಲ. ತರ್ಪಣದ ವಿಧಿಯ ಕೊನೆಯಲ್ಲಿ, ತಂದೆ, ತಾತ, ಮುತ್ತಾತಂದಿರಿಗೆ ನೀರು ಬಿಟ್ಟ ಮೇಲೆ, ತಮ್ಮ ಕುಲದಲ್ಲಿ ಹುಟ್ಟಿ ಮಕ್ಕಳಿಲ್ಲದೆ ಸತ್ತವರಿಗೆಂದು ಬಟ್ಟೆಯನ್ನು ಹಿಂಡಿ ನೀರು ಬಿಡುವ ಒಂದು ಭಾಗವಿದೆ. ಹೆಸರು ಹಿಡಿದು ಕರೆಯುವವರಿಲ್ಲದವರಿಗೆ ಪಾಲು ಕಟ್ಟಿಟ್ಟ ಈ ವಿಧಿ, ನೆನಪಿನ ಹಂಚಿಕೆಯನ್ನು ನೆನೆಯುವವರ ಸಂಖ್ಯೆಗೆ ಬಿಟ್ಟರೆ ಯಾರು ಬಿಟ್ಟುಹೋಗುತ್ತಾರೆಂಬುದನ್ನು ಬಹಳ ಹಿಂದೆಯೇ ಕಂಡುಕೊಂಡಿತ್ತು. ಆದರೆ ಆ ಭಾಗವೂ ಕುಲದ ಗೆರೆಯನ್ನು ದಾಟಲಿಲ್ಲವೆಂಬುದನ್ನು ಸೇರಿಸಲೇಬೇಕು. ಕುಂಡಯಿಯ ಗತಕಾಲದಲ್ಲಿ ದೇವರ ಪಲ್ಲಕ್ಕಿಯೊಂದಿಗೆ ನದಿ ದಾಟಿದವರಷ್ಟೇ ಇಲ್ಲ. ದಾಟಲಾರದೆ ಆ ದಡದಲ್ಲಿ ಉಳಿದು, ಹೆಸರು ಬದಲಿಸಿಕೊಂಡು, ಮುಂದೆ ಅದೇ ಇನ್‌ಕ್ವಿಸಿಷನ್‌ನ ಎದುರು ಹಳೆಯ ಆಚಾರ ಬಿಡಲಿಲ್ಲವೆಂಬ ಆರೋಪಕ್ಕೆ ಗುರಿಯಾದ ಹೊಸ ಕ್ರೈಸ್ತರೂ ಇದ್ದಾರೆ. ಅವರನ್ನು ತಮ್ಮ ಪಿತೃಗಳೆಂದು ಎರಡೂ ಕಡೆಯವರು ಪೂರ್ತಿಯಾಗಿ ಒಪ್ಪಿಕೊಳ್ಳುವುದು ಕಡಿಮೆ, ಆದ್ದರಿಂದ ಅವರಿಗೆ ಮತ ಬೀಳುವುದೂ ಕಡಿಮೆ.

ಸಂಚಿಕೆಗಳಲ್ಲಿ ಒಂದು ಪಾಲನ್ನು ಮತದಿಂದ, ಒಂದು ಪಾಲನ್ನು ಹೇಳುವವನ ವಿವೇಕದಿಂದ, ಇನ್ನೊಂದು ಪಾಲನ್ನು ಚೀಟಿ ಎತ್ತಿ ಆರಿಸುವುದು ಒಂದು ಸಾಧ್ಯವಾದ ದಾರಿ. ಚೋಳರ ಕಾಲದ ಉತ್ತರಮೇರೂರಿನಲ್ಲಿ ಹತ್ತನೆಯ ಶತಮಾನದಲ್ಲಿ ಗ್ರಾಮಸಭೆಯ ಸಮಿತಿಗಳ ಸದಸ್ಯರನ್ನು ಮಡಕೆಯಲ್ಲಿ ಹಾಕಿದ ಓಲೆಗಳಿಂದ ಎತ್ತಿ ಆರಿಸುತ್ತಿದ್ದರು, ಮತ್ತು ಮಡಕಯಿಯ ಎಸಳನ್ನು ದೈವೇಚ್ಛೆಯೆಂದು ನಂಬದವನೂ ಅದರಲ್ಲಿ ಮನುಷ್ಯರ ಒಲವಿಗೆ ಸಿಗದ ಒಂದು ನಿರ್ಣಯವಿದೆಯೆಂದು ಒಪ್ಪಬಹುದು. ಚೀಟಿಗೆ ಜನಪ್ರಿಯತೆ ತಿಳಿಯದು. ಹಿರೇಬೆಣಕಲ್ಲಿನ ಗೋರಿಗೂ ಮೈಸೂರಿನ ಅರಮನೆಗೂ ಅದು ಒಂದೇ ತೂಕ ಕೊಡುತ್ತದೆ. ಚೀಟಿಗಳನ್ನು ಬರೆಯುವವರು ಯಾರೆಂಬ ಪ್ರಶ್ನೆ ಆಗಲೂ ತೀರುವುದಿಲ್ಲ. ಹಾಗಾಗಿ ಮತದಾನದಲ್ಲಿ ಎಷ್ಟು ಜನ ಯಾವುದಕ್ಕೆ ಒತ್ತಿದರೆಂದು ಪ್ರಕಟಿಸುವುದರ ಜೊತೆಗೆ, ಪಟ್ಟಿಗೆ ಬಾರದೆ ಉಳಿದ ವಿಷಯಗಳು ಯಾವುವು, ಏಕೆ ಉಳಿದವು ಎಂದು ಹೇಳುವುದೂ ಚರಿತ್ರೆ ಹೇಳುವವನ ಕರ್ತವ್ಯದೊಳಗೆ ಸೇರುತ್ತದೆ.

ಮೇಲೆ ಊಹಿ‌ಸಿದ ನಾಲ್ಕು ವಿಷಯಗಳಲ್ಲಿ ಕೊನೆಯದನ್ನೇ ತೆಗೆದುಕೊಳ್ಳಬಹುದು. ಸೋಂದೆ ಅಥವಾ ಸ್ವಾದಿ ಇಂದಿನ ಉತ್ತರ ಕನ್ನಡದ ಶಿರಸಿ ತಾಲೂಕಿನಲ್ಲಿರುವ ಊರು. ಅಲ್ಲಿನ ಕನ್ನಡ ಅರಸರ ಕೈಯಲ್ಲಿ ಹದಿನೆಂಟನೆಯ ಶತಮಾನದಲ್ಲಿ ಫೋಂಡಾ ಕೆಲಕಾಲ ಇತ್ತು. ಪೋರ್ಚುಗೀಸರು ಫೋಂಡಾವನ್ನು 1763ರಲ್ಲಿ ವಶಪಡಿಸಿಕೊಂಡರು. ಅದೇ ಹೊತ್ತಿಗೆ ಹೈದರಾಲಿಯ ಸೇನೆ ಬಿದನೂರನ್ನು ಗೆದ್ದು ಸೋಂದೆಯನ್ನೂ ಒತ್ತಿದಾಗ, ರಾಜ್ಯ ಕಳೆದುಕೊಂಡ ಅರಸನು ತನ್ನ ಸೀಮೆಯನ್ನು ನುಂಗಿದ ಆ ಪೋರ್ಚುಗೀಸರ ಆಶ್ರಯಕ್ಕೇ ಬಂದನು. ಕುಂಡಯಿಯಿಂದ ಹೆಚ್ಚು ದೂರವಿಲ್ಲದ ಬಾಂದೋಡೆಯ ಶಿವತೀರ್ಥದಲ್ಲಿ ಅವನ ವಂಶದವರ ಅರಮನೆಯಿದೆ. ದೇವತೆಗಳು ಸುಲ್ತಾನನ ನೆಲಕ್ಕೆ ಓಡಿಬಂದ ಎರಡು ಶತಮಾನಗಳ ನಂತರ, ಅದೇ ನೆಲದ ಹಿಂದೂ ಅರಸನೊಬ್ಬನು ಕ್ರೈಸ್ತ ದೊರೆತನದ ನೆರಳಿಗೆ ಓಡಿಬಂದ ಈ ಕಥೆಯನ್ನು ಸರಿಯಾಗಿ ಹೇಳಬೇಕಾದರೆ ಪೋರ್ಚುಗೀಸ್, ಮರಾಠಿ, ಕನ್ನಡ ಮೂರೂ ಬೇಕು. ಫೋಂಡಾದ ಪ್ರೇಕ್ಷಕರಿಗೆ ಅವನು ಹೊರಗಿನಿಂದ ಬಂದ ಅತಿಥಿ, ಶಿರಸಿಯ ಪ್ರೇಕ್ಷಕರಿಗೆ ಮನೆ ಬಿಟ್ಟುಹೋದ ದೊರೆ; ಮತದ ಪಟ್ಟಿಯನ್ನು ಯಾವ ಊರಿನವರ ಮುಂದಿಟ್ಟರೂ ಅವನ ಹೆಸರಿಗೆ ಬೀಳುವುದು ಅರ್ಧದಷ್ಟು ಕಥೆಯನ್ನು ಬಲ್ಲವರ ಮತಗಳೇ.